ಸೊಲ್ಲಾಪುರದ ಹಡಗು, ವಿಭೂತಿಪುರದ ಮನೆ

ನಮ್ಮ ಮನೆ ಬೆಂಗಳೂರಿನ ಮೂಡಣ ದಿಕ್ಕಿನ ವಿಭೂತಿಪುರದಲ್ಲಿದೆ. ಒಂದು ಕಡೆ ವಿಮಾನ ಕಾರ್ಖಾನೆಯ ಉದ್ದನೆಯ ಗೋಡೆ, ಇನ್ನೊಂದು ಕಡೆ ಮಾರತ್ತಹಳ್ಳಿ, ಅದರಾಚೆ ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು. ಸಮುದ್ರ ಇಲ್ಲಿಂದ ಬಹು ದೂರ. ನಮ್ಮ ವಂಶದಲ್ಲಿ ಹಡಗು ಹತ್ತಿದವರು ಒಬ್ಬರೂ ಇಲ್ಲ. ಆದರೂ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಒಂದು ಹಡಗಿನ ಕಥೆ ನಡೆದುಕೊಂಡು ಬಂದಿದೆ. ನಮ್ಮ ತಂದೆಯವರು ನಮಗೆ ಹೇಳಿದರು. ನಾವು ನಮ್ಮ ಮಕ್ಕಳಿಗೆ ಹೇಳಿದೆವು. ಕಥೆಯನ್ನು ಹೇಳುವುದು ಸುಲಭ. ಅದರ ಅರ್ಥ ತಿಳಿಯಲು ನಮಗೆ ಎಪ್ಪತ್ತು ವರ್ಷ ದಾಟಬೇಕಾಯಿತು. ಆ ಮಾತನ್ನೇ ಇಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಮ್ಮ ಹಿರಿಯರ ಊರು ಅಕ್ಕಲಕೋಟೆಯ ಸೀಮೆ. ಅಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಜಾತ್ರೆಗೆ ನಡೆದು ಹೋಗುವುದು ನಮ್ಮ ಮನೆತನದ ಪದ್ಧತಿಯಾಗಿತ್ತು. ತಂದೆಯವರು ಚಿಕ್ಕ ವಯಸ್ಸಿನಲ್ಲಿಯೇ ಸೊಲ್ಲಾಪುರಕ್ಕೆ ಬಂದು ಬಟ್ಟೆಯ ಗಿರಣಿಯಲ್ಲಿ ಫಿಟ್ಟರ್ ಕೆಲಸ ಕಲಿತರು. 1941ರಲ್ಲಿ, ಅವರಿಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ಗಿರಣಿಯಲ್ಲಿ ಒಂದು ಸುದ್ದಿ ಹಬ್ಬಿತು. “ನಮ್ಮೂರ ವಾಲಚಂದ ಶೇಠರು ಮೈಸೂರು ರಾಜ್ಯದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆಗೆದಿದ್ದಾರೆ, ಕೈಕೆಲಸ ಬಲ್ಲವರು ಬೇಕಂತೆ” ಎಂಬುದೇ ಆ ಸುದ್ದಿ. ತಂದೆಯವರು ಒಂದು ತಗಡಿನ ಪೆಟ್ಟಿಗೆ, ಎರಡು ಧೋತರ, ಜೋಳದ ರೊಟ್ಟಿಯ ಬುತ್ತಿ ಇಷ್ಟನ್ನು ಹಿಡಿದು ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಬೆಂಗಳೂರಿಗೆ ಬಂದಿಳಿದರು. ಆ ಪೆಟ್ಟಿಗೆ ಇಂದಿಗೂ ನಮ್ಮ ಅಟ್ಟದ ಮೇಲಿದೆ.

ಈ ವಾಲಚಂದ ಹಿರಾಚಂದರ ಕಥೆಯೇ ನಮ್ಮ ಮನೆಯ ಹಡಗಿನ ಕಥೆ. ಅವರು ಹುಟ್ಟಿದ್ದು 1882ರ ನವೆಂಬರಿನಲ್ಲಿ, ಸೊಲ್ಲಾಪುರದಲ್ಲಿ. ಅದೇ 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಜನರ ಒಕ್ಕಲುತನಕ್ಕೆಂದು ನೆಲವನ್ನು ಕೊಟ್ಟು, ಇಂದಿನ ವೈಟ್‌ಫೀಲ್ಡಿನ ಹುಟ್ಟಿಗೆ ಕಾರಣರಾದರು. ಎರಡಕ್ಕೂ ಸಂಬಂಧವಿಲ್ಲ, ಆದರೆ ನಮ್ಮ ಮನೆಯ ಮಟ್ಟಿಗೆ ಎರಡೂ ಮುಂದೆ ಒಂದೇ ದಾರಿಯಲ್ಲಿ ಬಂದು ಕೂಡಿದವು. ವಾಲಚಂದರ ಪೂರ್ವಿಕರು ಸೌರಾಷ್ಟ್ರದ ವಾಂಕಾನೇರದ ಕಡೆಯವರು, ಗುಜರಾತಿ ಜೈನರು, ವ್ಯಾಪಾರಕ್ಕಾಗಿ ಊರು ಬಿಟ್ಟು ದಕ್ಷಿಣಕ್ಕೆ ಬಂದವರು. ಹತ್ತಿ, ಧಾನ್ಯ, ಲೇವಾದೇವಿ ಅವರ ಮನೆಯ ಕಸುಬು. ತರುಣ ವಾಲಚಂದರಿಗೆ ಅದು ರುಚಿಸಲಿಲ್ಲ. ಫಾಟಕ ಎಂಬವರೊಡನೆ ಕೂಡಿ ಬಾರ್ಶಿಯ ಚಿಕ್ಕ ರೈಲು ದಾರಿಯ ಗುತ್ತಿಗೆ ಹಿಡಿದರು. ಮಣ್ಣು ಹೊರಿಸಿ, ಕಲ್ಲು ಒಡೆಸಿ ರೈಲ್ವೆ ಗುತ್ತಿಗೆದಾರರಾಗಿ ಮೇಲೆ ಬಂದರು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಅವರು ರೈಲಿನಲ್ಲಿ ಮುಂಬಯಿಗೆ ಬರುತ್ತಿದ್ದಾಗ ಒಬ್ಬ ಸ್ಕಾಟಿಷ್ ಸಹಪ್ರಯಾಣಿಕನ ಪರಿಚಯವಾಯಿತೆಂದೂ, ಗ್ವಾಲಿಯರಿನ ಮಹಾರಾಜರ ‘ಲಾಯಲ್ಟಿ’ ಎಂಬ ಹಡಗು ಮಾರಾಟಕ್ಕಿದೆ ಎಂಬ ಸುದ್ದಿ ಅವನಿಂದಲೇ ತಿಳಿಯಿತೆಂದೂ ಅವರ ಜೀವನವನ್ನು ಬಲ್ಲವರು ಹೇಳುತ್ತಾರೆ. ಆ ಹಡಗಿನ ಪೂರ್ವಾಶ್ರಮವೂ ಸ್ವಾರಸ್ಯವಾದದ್ದು. ಮೊದಲು ಅದರ ಹೆಸರು ‘ಎಂಪ್ರೆಸ್ ಆಫ್ ಇಂಡಿಯಾ’. ಕೆನಡಾದ ಕಂಪನಿಯೊಂದಕ್ಕಾಗಿ ಕಟ್ಟಿದ ಅದು 1891ರಿಂದ ವ್ಯಾಂಕೂವರ್ ಮತ್ತು ಹಾಂಗ್‌ಕಾಂಗ್ ನಡುವೆ ಜನರನ್ನು ಸಾಗಿಸಿತು. 1914ರ ಕೊನೆಗೆ ಗ್ವಾಲಿಯರ್ ಮಹಾರಾಜರು ಅದನ್ನು ಕೊಂಡು, ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯ ಹಡಗನ್ನಾಗಿ ಮಾಡಿ ‘ಲಾಯಲ್ಟಿ’ ಎಂದು ಹೆಸರಿಟ್ಟರು. ವಾಲಚಂದರು, ನರೋತ್ತಮ ಮೊರಾರ್ಜಿ, ಕಿಲಾಚಂದ ದೇವಚಂದ, ಲಲ್ಲೂಭಾಯಿ ಸಾಮಳದಾಸ ಈ ನಾಲ್ವರು ಸೇರಿ 1919ರ ಮಾರ್ಚಿನಲ್ಲಿ ಕಂಪನಿ ಕಟ್ಟಿ ಆ ಹಡಗನ್ನು ಕೊಂಡರು. ಹಡಗು ಸಿಂಧಿಯಾ ಮನೆತನದ್ದಾದ್ದರಿಂದ ಕಂಪನಿಗೂ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಎಂಬ ಹೆಸರೇ ಬಂದಿತು. 1919ರ ಏಪ್ರಿಲ್ 5ರಂದು ‘ಲಾಯಲ್ಟಿ’ ಪ್ರಯಾಣಿಕರನ್ನು ಹತ್ತಿಸಿಕೊಂಡು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು ನಮ್ಮ ದೇಶ 1964ರಿಂದ ರಾಷ್ಟ್ರೀಯ ಕಡಲಯಾನ ದಿನವಾಗಿ ಆಚರಿಸುತ್ತಿದೆ.

ನಮ್ಮ ತಂದೆಯವರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದರು. “ಕಡಲು ಕಾಣದ ಊರವರು ಹಡಗು ನಡೆಸಿದರು, ಊರು ಬಿಟ್ಟು ಬಂದವರಿಗೆ ಮುಳುಗುವ ಭಯವಿರಬಾರದು” ಎಂಬುದು ಅವರ ಮಾತು. ನಾವು ಬಾಲಕರು ಕಣ್ಣರಳಿಸಿ ಕೇಳುತ್ತಿದ್ದೆವು. ಶಾಲೆಯ ಮಾಸ್ತರರಾದ ಮೇಲೆ ನಾವೂ ತರಗತಿಗಳಲ್ಲಿ ಈ ಕಥೆಯನ್ನು ಇಷ್ಟಕ್ಕೇ ಹೇಳಿ ಮುಗಿಸಿದ್ದೇವೆ. ಹಡಗು ಹೊರಟದ್ದನ್ನು ಹೇಳಿದೆವು. ಹೊರಟ ಮೇಲೆ ಆದದ್ದನ್ನು ಹೇಳಲಿಲ್ಲ.

ಆದದ್ದೇನು? ‘ಲಾಯಲ್ಟಿ’ ಹಳೆಯ ಹಡಗು. ನಡೆಸುವ ವೆಚ್ಚವೇ ಹೆಚ್ಚು. ನಾಲ್ಕು ವರ್ಷಗಳೊಳಗೆ, 1923ರಲ್ಲಿ, ಅದನ್ನು ಮುಂಬಯಿಯಲ್ಲಿಯೇ ಒಡೆಯಲು ಮಾರಿದರು. ಅದಕ್ಕಿಂತ ದೊಡ್ಡ ಕಂಟಕ ಸಮುದ್ರದ ಮೇಲಿತ್ತು. ನಮ್ಮ ಕರಾವಳಿಯ ವ್ಯಾಪಾರವೆಲ್ಲ ಬ್ರಿಟಿಷ್ ಇಂಡಿಯಾ ಕಂಪನಿಯ ಕೈಯಲ್ಲಿತ್ತು. ಅದರ ಯಜಮಾನ ಲಾರ್ಡ್ ಇಂಚ್‌ಕೇಪ್. ಸ್ವದೇಶಿ ಹಡಗು ನೀರಿಗಿಳಿದರೆ ಅವರ ಬಳಿ ಒಂದೇ ಅಸ್ತ್ರ: ಬಾಡಿಗೆ ಇಳಿಸುವುದು. ದೊಡ್ಡವನು ಒಂದು ವರ್ಷ ನಷ್ಟ ತಡೆದಾನು, ಚಿಕ್ಕವನು ಒಂದು ತಿಂಗಳೂ ತಡೆಯಲಾರ. ಅದಕ್ಕೆ ಹದಿಮೂರು ವರ್ಷ ಮೊದಲು, 1906ರಲ್ಲಿ, ತೂತ್ತುಕುಡಿಯ ವಿ. ಓ. ಚಿದಂಬರಂ ಪಿಳ್ಳೆಯವರು ಕೊಲಂಬೊಗೆ ಸ್ವದೇಶಿ ಹಡಗು ಕಂಪನಿ ತೆಗೆದಿದ್ದರು. ಎದುರಾಳಿಗಳು ಪ್ರಯಾಣದ ದರವನ್ನು ಇಳಿಸುತ್ತ ಇಳಿಸುತ್ತ ಕೊನೆಗೆ ಜನರನ್ನು ಪುಕ್ಕಟೆ ಹತ್ತಿಸಿಕೊಂಡು ಮೇಲೊಂದು ಛತ್ರಿಯನ್ನೂ ಕೊಟ್ಟರೆಂದು ಹೇಳುತ್ತಾರೆ. 1908ರಲ್ಲಿ ಪಿಳ್ಳೆಯವರು ಸೆರೆಮನೆ ಸೇರಿದರು. ಅವರು ಹೊರಗೆ ಬರುವಷ್ಟರಲ್ಲಿ ಕಂಪನಿ ಕರಗಿಹೋಗಿತ್ತು.

ವಾಲಚಂದರ ಕಂಪನಿಗೂ ಅದೇ ಗತಿ ಕಾದಿತ್ತು. ಬಾಡಿಗೆ ಇಳಿಯಿತು, ನಷ್ಟ ಏರಿತು. ಕಂಪನಿಯನ್ನೇ ಕೊಂಡುಬಿಡುತ್ತೇನೆಂದು ಇಂಚ್‌ಕೇಪ್ ಮುಂದೆ ಬಂದ. ಅವರು ಮಾರಲಿಲ್ಲ. ಆದರೆ ಗೆಲ್ಲಲೂ ಇಲ್ಲ. 1923ರಲ್ಲಿ ಹತ್ತು ವರ್ಷದ ಒಂದು ಒಪ್ಪಂದಕ್ಕೆ ಕೈಹಾಕಿದರು. ಸಿಂಧಿಯಾ ಕಂಪನಿಯ ಹಡಗುಗಳ ಒಟ್ಟು ಪ್ರಮಾಣ 75,000 ಟನ್ನು ಮೀರಕೂಡದು. ಕರಾವಳಿಯ ವ್ಯಾಪಾರವನ್ನು ಬಿಟ್ಟು ಆಚೆ ಕಾಲಿಡಕೂಡದು. ಲಂಡನ್ನಿಗೆ ಹೊರಟಿದ್ದವರು ಕರಾವಳಿಯ ಗುಂಟ ಸರಕು ಹೊರುವವರಾದರು. ನಮ್ಮ ತಂದೆಯವರು ಈ ಒಪ್ಪಂದದ ಮಾತನ್ನು ಎಂದೂ ಎತ್ತಿದವರಲ್ಲ. ನಿವೃತ್ತಿಯ ನಂತರ ಪುಸ್ತಕಗಳಲ್ಲಿ ಓದಿ ತಿಳಿದಾಗ ನಮಗೆ, ಪೂಜ್ಯರೊಬ್ಬರ ಸಾಲದ ಚೀಟಿ ಕೈಗೆ ಸಿಕ್ಕಂತೆ ಸಂಕೋಚವಾಯಿತು. ಪುಸ್ತಕವನ್ನು ಮುಚ್ಚಿ ಇಟ್ಟೆವು.

ಇನ್ನು ನಮ್ಮ ಮನೆಯ ಕಡೆಗೆ ಬರೋಣ. ವಾಲಚಂದರು ವಿಮಾನದ ಉದ್ಯಮಕ್ಕೆ ಬಂದದ್ದೂ ಸಹಪ್ರಯಾಣಿಕನೊಬ್ಬನ ದೆಸೆಯಿಂದಲೇ. 1939ರಲ್ಲಿ ಶಾಂತಸಾಗರದ ಮೇಲೆ ಹಾರುವ ವಿಮಾನದಲ್ಲಿ ಅಮೆರಿಕದ ವಿಲಿಯಂ ಪಾಲಿ ಎಂಬ ವಿಮಾನ ವ್ಯಾಪಾರಿ ಅವರಿಗೆ ಜೊತೆಯಾದ. ಮಾತು ಬೆಳೆದು, ಮೈಸೂರು ಸರ್ಕಾರ ನೆಲವನ್ನೂ ಬಂಡವಾಳವನ್ನೂ ಕೊಟ್ಟು, ದಿವಾನ್ ಮಿರ್ಜಾ ಇಸ್ಮಾಯಿಲರ ಬೆಂಬಲ ದೊರೆತು, 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಆದರೆ ಯುದ್ಧದ ಕಾಲ. 1941ರಲ್ಲಿ ಭಾರತ ಸರ್ಕಾರ ಪಾಲುದಾರನಾಯಿತು. 1942ರಲ್ಲಿ ಆಡಳಿತವನ್ನೇ ವಹಿಸಿಕೊಂಡಿತು. ತಂದೆಯವರು ಕೆಲಸಕ್ಕೆ ಸೇರಿ ಒಂದು ವರ್ಷವಾಗುವಷ್ಟರಲ್ಲಿ ಅವರನ್ನು ಕರೆತಂದ ಶೇಠರೇ ಅಲ್ಲಿ ಇರಲಿಲ್ಲ.

ಆಮೇಲೆ ಅಮೆರಿಕದ ಸೈನಿಕರು ಬಂದರು. ಕಾರ್ಖಾನೆ ವಿಮಾನಗಳ ದುರಸ್ತಿಯ ತಾಣವಾಯಿತು. ತಂದೆಯವರು ಎಂದೂ ಮರೆಯದ ದೃಶ್ಯವೊಂದಿತ್ತು: ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ಹೊಟ್ಟೆ ಹಡಗಿನಂತೆ, ಮೇಲೆ ರೆಕ್ಕೆ. ಅವುಗಳನ್ನು ದಡಕ್ಕೆಳೆದು ಕಾರ್ಖಾನೆಗೆ ತರುತ್ತಿದ್ದರು. “ಸಮುದ್ರ ಕಾಣದೆ ಸಾಯುತ್ತೇನೆಂದು ತಿಳಿದಿದ್ದೆ, ಹಡಗೇ ನನ್ನನ್ನು ಹುಡುಕಿಕೊಂಡು ಕೆರೆಗೆ ಬಂದಿತು” ಎಂದು ತಂದೆಯವರು ನಗುತ್ತಿದ್ದರು. ಇಂದು ಅದೇ ಕೆರೆ ನೊರೆ ಕಾರುವುದನ್ನೂ, ಬೆಂಕಿ ಹತ್ತಿ ಉರಿದದ್ದನ್ನೂ ಕಂಡ ನಮಗೆ ಆ ನಗೆ ನೆನಪಾದರೆ ಮನಸ್ಸು ಭಾರವಾಗುತ್ತದೆ.

ಯುದ್ಧ ಮುಗಿದ ಮೇಲೆ ಕಾರ್ಖಾನೆಗೆ ವಿಮಾನದ ಕೆಲಸ ಸಾಕಷ್ಟಿರಲಿಲ್ಲ. ಕೈಗಳನ್ನು ಸುಮ್ಮನಿರಿಸಲಾರದೆ ರೈಲಿನ ಡಬ್ಬಿಗಳನ್ನೂ ಬಸ್ಸಿನ ಮೈಗಳನ್ನೂ ಕಟ್ಟತೊಡಗಿದರು. ತಂದೆಯವರು ಆ ವಿಭಾಗಕ್ಕೆ ಹೋದರು. ವಿಮಾನದ ತಗಡಿಗೆ ರಿವೆಟ್ ಹೊಡೆದ ಕೈ ಬಸ್ಸಿನ ತಗಡಿಗೆ ಹೊಡೆಯಿತು. ಕೆಲವರು ಇದನ್ನು ಹಿಂಬಡ್ತಿ ಎಂದು ಹಳಿದುಕೊಂಡರಂತೆ. ತಂದೆಯವರು ಹಾಗೆ ಭಾವಿಸಲಿಲ್ಲ. ಸರಕಿನ ಡಬ್ಬಿ ಬೇರೆ, ಜನರು ಕೂಡುವ ಡಬ್ಬಿ ಬೇರೆ ಎನ್ನುತ್ತಿದ್ದರು. ಕೂಡುವ ಜಾಗದಲ್ಲಿ ಒಂದು ಮೊಳೆಯ ತಲೆ ಮೇಲೆದ್ದಿದ್ದರೂ ಬೆರಳಿನಿಂದ ಸವರಿ ಹುಡುಕಿ ತಟ್ಟಿ ಕೂಡಿಸುವುದು ಅವರ ಅಭ್ಯಾಸವಾಗಿತ್ತು. ಅದನ್ನು ಅವರು ಮನೆಯ ಮಣೆಗೂ ಮಾಡುತ್ತಿದ್ದರು.

ನಮ್ಮ ನೆರೆಮನೆಯಲ್ಲಿ ಆಗ ಕುಮಟೆಯ ಕಡೆಯ ಹಿರಿಯರೊಬ್ಬರಿದ್ದರು. ಅವರು ಕರಾವಳಿಯ ಆಗಬೋಟಿನ ಸುದ್ದಿ ಹೇಳುತ್ತಿದ್ದರು. ಮುಂಬಯಿಗೆ ಚಾಕರಿಗೆ ಹೋಗುವ ಹುಡುಗರು ರಾತ್ರಿಯೆಲ್ಲ ಧಕ್ಕೆಯ ಮೇಲೆ ಕಾದು ಕುಳಿತು, ಚಿಕ್ಕ ದೋಣಿಯಲ್ಲಿ ಅಲೆಯ ಮೇಲೆ ಓಲಾಡುತ್ತ ಹೋಗಿ, ದೂರ ನಿಂತ ಹಡಗಿನ ಏಣಿ ಹಿಡಿಯುವರು. ಮಳೆಗಾಲ ಹಿಡಿದರೆ ಹಡಗೇ ಬಂದ್. ಆ ಕೊಂಕಣ ತೀರದ ಪ್ರಯಾಣಿಕ ಹಡಗುಗಳನ್ನು ಬಹುಕಾಲ ನಡೆಸಿದ್ದು ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿ. ಅದೂ ಮುಂದೆ ಸಿಂಧಿಯಾದವರ ಕೈಗೆ ಬಂದಿತು. 1933ರಲ್ಲಿ ಒಪ್ಪಂದದ ಹತ್ತು ವರ್ಷ ತುಂಬಿದ ಮೇಲೆ ಕಂಪನಿ ಮತ್ತೆ ಬೆಳೆಯಿತು. ಹಜ್ ಯಾತ್ರಿಕರಿಗೆ ‘ಎಲ್ ಮದೀನಾ’ ಹಡಗನ್ನು ಓಡಿಸಿತು. 1941ರ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಬಾಬು ರಾಜೇಂದ್ರ ಪ್ರಸಾದರ ಕೈಯಿಂದ ಹಡಗುಕಟ್ಟೆಗೆ ಅಡಿಗಲ್ಲು ಹಾಕಿಸಿತು. 1948ರ ಮಾರ್ಚಿನಲ್ಲಿ ಅಲ್ಲಿಯೇ ಕಟ್ಟಿದ ‘ಜಲಉಷಾ’ ಹಡಗನ್ನು ಪಂಡಿತ ನೆಹರೂ ನೀರಿಗಿಳಿಸಿದರು. ಒಂದು ಕಾಲಕ್ಕೆ 75,000 ಟನ್ನಿನ ಗೆರೆಯೊಳಗೆ ಕಾಲು ಮುದುರಿಕೊಂಡು ಕುಳಿತಿದ್ದ ಕಂಪನಿಯೇ ಇದು ಎಂಬುದನ್ನು ಇಲ್ಲಿ ನೆನೆಯಬೇಕು.

ಜನರನ್ನು ಸಾಗಿಸುವ ಉದ್ಯಮದ ಭಾರವನ್ನೂ ಆ ಕುಮಟೆಯ ಹಿರಿಯರೇ ನಮಗೆ ತಿಳಿಸಿದವರು. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ಇನ್ನೊಂದು ತಿಂಗಳಿರುವಾಗ, ‘ರಾಮದಾಸ’ ಎಂಬ ಪ್ರಯಾಣಿಕ ಹಡಗು ಮುಂಬಯಿಯಿಂದ ರೇವಸಿಗೆ ಹೋಗುವಾಗ ಮಳೆಗಾಳಿಗೆ ಸಿಕ್ಕಿ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಸರಕು ಮುಳುಗಿದರೆ ವಿಮೆಯವನು ಕೊಟ್ಟಾನು. ಮನುಷ್ಯರನ್ನು ಯಾರು ಕೊಟ್ಟಾರು?

ಈ ಮಾತು ನಮಗೆ ನಿತ್ಯ ನೆನಪಾಗಲು ಕಾರಣ ನಮ್ಮ ಎರಡನೆಯ ಮಗ. ಅವನು ಓದಿ ನೌಕರಿಗೆ ಸೇರುವನೆಂದು ನಾವು ತಿಳಿದಿದ್ದೆವು. 2012ರಲ್ಲಿ ನೌಕರಿ ಬಿಟ್ಟು ಒಂದು ಮಿನಿ ಬಸ್ಸು ಕೊಂಡ. ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ನೌಕರರನ್ನು ಕರೆದೊಯ್ಯುವ, ರಾತ್ರಿಪಾಳಿಯವರನ್ನು ಮನೆ ಮುಟ್ಟಿಸುವ ಕೆಲಸ. ಏಳು ವರ್ಷಗಳಲ್ಲಿ ಒಂಬತ್ತು ವಾಹನಗಳಾದವು. ಸಾಲಕ್ಕೆ ನಮ್ಮ ವಿಭೂತಿಪುರದ ಮನೆಯ ಪತ್ರವೇ ಬ್ಯಾಂಕಿನಲ್ಲಿತ್ತು. ರಾತ್ರಿ ಕೊನೆಯ ವಾಹನದಿಂದ ‘ಇಳಿಸಿದೆವು’ ಎಂಬ ಫೋನು ಬರುವವರೆಗೆ ಅವನು ಊಟಕ್ಕೆ ಕೂಡುತ್ತಿರಲಿಲ್ಲ. ಸೀಟಿನ ಅಂಚನ್ನು ಬೆರಳಿನಿಂದ ಸವರಿ ನೋಡುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅಜ್ಜನನ್ನು ಕಂಡು ಬಂದದ್ದು.

2020ರ ಮಾರ್ಚಿನಲ್ಲಿ ಮಹಾಮಾರಿಯ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿತು. ಗಾಜಿನ ಕಟ್ಟಡಗಳು ಖಾಲಿಯಾದವು. ನೌಕರರು ಮನೆಯಲ್ಲಿಯೇ ಕುಳಿತು ಕೆಲಸ ಮಾಡತೊಡಗಿದರು. ಒಂಬತ್ತು ವಾಹನಗಳು ಬಯಲಿನಲ್ಲಿ ಸಾಲಾಗಿ ನಿಂತವು. ಟೈರುಗಳ ಬಳಿ ಹುಲ್ಲು ಬೆಳೆಯಿತು. ಕಂತು ಕಟ್ಟಲು ಆರು ತಿಂಗಳ ರಿಯಾಯಿತಿ ದೊರೆಯಿತು, ಬಡ್ಡಿ ಮಾತ್ರ ನಿಲ್ಲಲಿಲ್ಲ. ನಮ್ಮ ಮನೆಯವರು ಒಂದು ದಿನ ಮಾತಿಲ್ಲದೆ ಬಳೆಗಳನ್ನು ತೆಗೆದು ಮಗನ ಕೈಯಲ್ಲಿಟ್ಟರು. ಚಾಲಕರಿಗೆ ಅರ್ಧ ಸಂಬಳವಾದರೂ ಮುಟ್ಟಲೆಂದು ಅವುಗಳನ್ನು ಒತ್ತೆಯಿಟ್ಟ.

ಕೆಲಸ ಮತ್ತೆ ಚಿಗುರುವ ವೇಳೆಗೆ, 2022ರ ಆರಂಭದಲ್ಲಿ, ಆ ವ್ಯವಹಾರದ ದೊಡ್ಡ ಸಂಸ್ಥೆಯೊಂದು ಈ ಕಡೆ ಕಾಲಿಟ್ಟಿತು. ಅದರ ಹೆಸರು ಇಲ್ಲಿ ಬೇಕಿಲ್ಲ. ಮಗ ಕೇಳುವ ದರಕ್ಕಿಂತ ಅವರದು ಯಾವಾಗಲೂ ಕಡಿಮೆ. ಡೀಸೆಲ್ಲಿನ ಲೆಕ್ಕ ಹಾಕಿದರೆ ಆ ದರದಲ್ಲಿ ಅವರಿಗೂ ನಷ್ಟವೇ. ಆದರೆ ಅವರು ತಡೆಯಬಲ್ಲರು. ಎರಡು ಗುತ್ತಿಗೆಗಳು ಕೈ ತಪ್ಪಿದ ಮೇಲೆ ಅವರ ಕಡೆಯವರು ಮನೆಗೇ ಬಂದರು. ವಾಹನಗಳನ್ನೆಲ್ಲ ಕೊಳ್ಳುತ್ತೇವೆ, ನಿಮ್ಮ ಮಗನಿಗೆ ನಮ್ಮಲ್ಲಿ ಮ್ಯಾನೇಜರ್ ಕೆಲಸ ಕೊಡುತ್ತೇವೆ ಎಂದರು. ಚಾಲಕರ ಮಾತು ಬಂದಾಗ, ನಮಗೆ ನಮ್ಮವರೇ ಇದ್ದಾರೆ ಎಂದರು. ಮಾತು ಮರ್ಯಾದೆಯದಾಗಿತ್ತು. ನಾವೇ ಅವರಿಗೆ ಚಹಾ ಕೊಟ್ಟೆವು.

ಅಂದು ರಾತ್ರಿ ನಾವು ಮಗನಿಗೆ ಹೇಳಿದ್ದು ಇಷ್ಟು: ಮಾರಿಬಿಡು. ಮನೆಯ ಪತ್ರ ಉಳಿಯಲಿ. ನಿನ್ನ ತಾಯಿಯ ಬಳೆ ಬರಲಿ. ಹಡಗು ಹೊರಟ ಕಥೆಯನ್ನು ನಲವತ್ತು ವರ್ಷ ಮಕ್ಕಳ ಮುಂದೆ ಹೇಳಿದವರು ನಾವೇ. ನಮ್ಮ ಮನೆಯ ಕಂಬ ಅಲುಗಾಡಿದಾಗ ದಡಕ್ಕೆ ಓಡಿದವರೂ ನಾವೇ. ಮಗ ನಗಲಿಲ್ಲ, ಸಿಟ್ಟಾಗಲೂ ಇಲ್ಲ. “ಅಪ್ಪಾ, ನೀವು ಮುಚ್ಚಿಟ್ಟ ಪುಸ್ತಕವನ್ನು ನಾನು ಓದಿದ್ದೇನೆ. ಅವರು ಮಾರಲಿಲ್ಲ, ಬಡಿದಾಡಿ ಮುಳುಗಲೂ ಇಲ್ಲ. ಹತ್ತು ವರ್ಷ ಚಿಕ್ಕದಾಗಿ ಇರುತ್ತೇವೆಂದು ಬರೆದುಕೊಟ್ಟು ತೇಲಿದರು” ಎಂದ.

ಒಂದು ವಾರದ ಮೇಲೆ ಅವನು ಆ ಸಂಸ್ಥೆಯವರೊಡನೆ ಮೂರು ವರ್ಷದ ಒಪ್ಪಂದ ಮಾಡಿಕೊಂಡ. ಐದು ವಾಹನಗಳಿಗಿಂತ ಹೆಚ್ಚು ಇಡುವುದಿಲ್ಲ. ದೊಡ್ಡ ಕಂಪನಿಗಳ ಗುತ್ತಿಗೆಗೆ ಅರ್ಜಿ ಹಾಕುವುದಿಲ್ಲ. ಅವರ ಕೆಳಗೆ ಒಳಗುತ್ತಿಗೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಎರಡು ದಾರಿಗಳನ್ನು ಮಾತ್ರ ನಡೆಸುತ್ತಾನೆ. ಐವರು ಚಾಲಕರು ಅವನವರೇ ಇರುತ್ತಾರೆ. ಸಹಿ ಮಾಡಿ ಬಂದ ದಿನ ನಮಗೆ ಅವನ ಮುಖ ನೋಡಲು ಆಗಲಿಲ್ಲ. ಮಾರುವುದಕ್ಕಿಂತ ಇದು ಹೀನ ಎನಿಸಿತು. ಮಾರಿದರೆ ಮುಗಿಯುತ್ತದೆ, ಇದು ದಿನವೂ ತಲೆ ತಗ್ಗಿಸುವ ಕೆಲಸ. ತನ್ನ ಬಸ್ಸಿನ ಮೇಲೆ ಇನ್ನೊಬ್ಬರ ಹೆಸರಿನ ಚೀಟಿ ಅಂಟಿಸಿಕೊಂಡು ಅವನು ಮೂರು ವರ್ಷ ಓಡಾಡಿದ.

ಅದರ ಬೆಲೆಯನ್ನು ತೆತ್ತವರು ನಾವು ಮಾತ್ರವಲ್ಲ. ಒಂಬತ್ತು ಐದಾದಾಗ ನಾಲ್ವರು ಚಾಲಕರಿಗೆ ಕೆಲಸ ತಪ್ಪಿತು. ಮೂವರಿಗೆ ಮಗ ಬೇರೆ ಕಡೆ ಹೇಳಿಸಿ ಕೆಲಸ ಕೊಡಿಸಿದ. ನಾಲ್ಕನೆಯವನು ಆಳಂದದ ಕಡೆಯವನು. ನಮ್ಮ ಸೀಮೆಯ ಮಾತನ್ನಾಡುವವನೆಂದು ಅವನನ್ನು ಕಂಡರೆ ನಮಗೆ ಹೆಚ್ಚು ಅಕ್ಕರೆ. ಹಬ್ಬದ ದಿನ ನಮ್ಮ ಪಡಸಾಲೆಯಲ್ಲಿ ಕುಳಿತು ಹೋಳಿಗೆ ಉಂಡವನು. ಅವನು ಊರಿಗೆ ಹೋಗುತ್ತೇನೆಂದ. ಹೋಗುವಾಗ ಬೀಗದ ಕೈಗಳನ್ನು ನಮ್ಮ ಕೈಗೆ ಕೊಟ್ಟು, “ಗಾಡಿಯ ಎಡಗಡೆಯ ಬಾಗಿಲು ಸ್ವಲ್ಪ ಬಿಗಿ ಆಗ್ಯಾದ್ರಿ, ಎಣ್ಣೆ ಹಾಕಸ್ರಿ” ಎಂದು ಹೇಳಿ ಹೋದ. ಮಾರಿಬಿಡು ಎಂದಿದ್ದ ನಾವು ಒಂಬತ್ತು ಮನೆಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಗ ಒಂಬತ್ತನ್ನೂ ಹಿಡಿದು ಐದನ್ನು ಉಳಿಸಿದ್ದ. ಆದರೂ ಆ ಬೀಗದ ಕೈಗಳ ತಂಪು ನಮ್ಮ ಅಂಗೈಯಿಂದ ಹೋಗಿಲ್ಲ. 1923ರ ಆ ಒಪ್ಪಂದದ ದಿನವೂ ಎಷ್ಟು ಜನ ಖಲಾಸಿಗಳಿಗೆ ಹೀಗೆ ದಾರಿ ತಪ್ಪಿತೋ ಎಂದು ಯೋಚಿಸುತ್ತೇವೆ. ಯಜಮಾನರ ಹೆಸರು ಇತಿಹಾಸದಲ್ಲಿ ನಿಲ್ಲುತ್ತದೆ. ಇಳಿದು ಹೋದವರದು ನಿಲ್ಲುವುದಿಲ್ಲ.

2025ರಲ್ಲಿ ಮೂರು ವರ್ಷ ತುಂಬಿದವು. ಮನೆಯ ಪತ್ರ ಬ್ಯಾಂಕಿನಿಂದ ಮರಳಿ ಬಂದಿದೆ. ಬಳೆಗಳೂ ಬಂದಿವೆ. ಮಗ ಎರಡು ವಾಹನ ಹೆಚ್ಚಿಸಿ ಏಳು ಮಾಡಿದ್ದಾನೆ. ಮೊದಲನೆಯದಕ್ಕೆ ಆಳಂದಕ್ಕೆ ಫೋನು ಮಾಡಿ ಆ ಚಾಲಕನನ್ನೇ ಕರೆದ. ಅವನು ಊರಲ್ಲಿ ಹೊಲ ಮಾಡಿಕೊಂಡಿದ್ದಾನೆ, ಬರಲಾರೆ ಎಂದ. ತನ್ನ ತಮ್ಮನ ಮಗನನ್ನು ಕಳಿಸಿದ್ದಾನೆ. ಹುಡುಗ ಬಂದ ದಿನ ತಂದ ತಗಡಿನ ಪೆಟ್ಟಿಗೆಯನ್ನು ಕಂಡು ನಮಗೆ ಅಟ್ಟದ ಮೇಲಿನ ಪೆಟ್ಟಿಗೆ ನೆನಪಾಯಿತು.

ಮುಂದೆ ಎಲ್ಲವೂ ಸುಗಮವೆಂದು ನಾವು ನಂಬಿಲ್ಲ. 2023ರಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ಬಂದಿತು. 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ದಾರಿಗೂ ಬಂದಿತು. ರಸ್ತೆ ಬಂದಾಗ, ರೈಲು ಬಂದಾಗ ಕೊಂಕಣದ ಆಗಬೋಟುಗಳು ನಿಂತವು. ಸಿಂಧಿಯಾ ಕಂಪನಿಯೂ ಉಳಿಯಲಿಲ್ಲ. ವಿಶಾಖಪಟ್ಟಣದ ಹಡಗುಕಟ್ಟೆ 1952ರಲ್ಲಿ ಬಹುಪಾಲು, 1961ರಲ್ಲಿ ಪೂರ್ತಿಯಾಗಿ ಸರ್ಕಾರದ್ದಾಯಿತು. 1953ರಲ್ಲಿ ವಾಲಚಂದರು ತೀರಿಕೊಂಡರು. ಎಂಬತ್ತರ ದಶಕದಲ್ಲಿ ಕಂಪನಿ ಸಾಲದ ಸುಳಿಗೆ ಸಿಕ್ಕಿತು. ಇಂದು ಸಮುದ್ರದ ಮೇಲೆ ಅದರ ಹಡಗುಗಳಿಲ್ಲ. ಆದರೆ ಅವರು ಅಡಿಪಾಯ ಹಾಕಿದ ಹಡಗುಕಟ್ಟೆ ಹಡಗು ಕಟ್ಟುತ್ತಿದೆ. ನಮ್ಮ ಮನೆಯ ಪಕ್ಕದ ಕಾರ್ಖಾನೆ ವಿಮಾನ ಕಟ್ಟುತ್ತಿದೆ. ಕಟ್ಟಿದವರ ಕೈ ತಪ್ಪಿದರೂ ಕೆಲಸ ತಪ್ಪಲಿಲ್ಲ. ಕಾಯಕದ ಮಾತನ್ನು ಬಾಲ್ಯದಿಂದ ಕೇಳುತ್ತ ಬಂದ ನಮಗೆ ಅದರ ಈ ಮಗ್ಗುಲು ಇಷ್ಟು ತಡವಾಗಿ ಕಂಡಿತು.

ನಮ್ಮ ಬೀದಿಯಲ್ಲಿ ಈಗ ಒಡಿಯಾ, ಬಂಗಾಳಿ, ಅಸ್ಸಾಮಿ ಮಾತುಗಳು ಕೇಳಿಬರುತ್ತವೆ. ಹೊರಗಿನವರು ಹೆಚ್ಚಾದರು ಎಂದು ಗೊಣಗುವವರೊಡನೆ ನಾವೂ ಒಮ್ಮೊಮ್ಮೆ ತಲೆಯಾಡಿಸಿದ್ದುಂಟು. ಬಂದವರು ಇಲ್ಲಿಯ ಮಾತನ್ನು ಕಲಿಯಬೇಕೆಂಬ ಹಟ ನಮಗೂ ಇದೆ. ಆದರೆ 1941ರಲ್ಲಿ ತಗಡಿನ ಪೆಟ್ಟಿಗೆ ಹಿಡಿದು ಇಳಿದವರನ್ನು ಈ ಊರು ಕೂಡಿಸಿಕೊಂಡಿತೆಂಬುದನ್ನು ಮರೆತು ಆಡುವ ಮಾತು ನಮ್ಮ ಬಾಯಲ್ಲಿ ಶೋಭಿಸದು.

ಕಳೆದ ತಿಂಗಳು ಮೊಮ್ಮಗಳು ಶಾಲೆಯಲ್ಲಿ ಹೇಳಲು ಒಂದು ಕಥೆ ಬೇಕೆಂದು ಕೇಳಿದಳು. ಅದೇ ಹಡಗಿನ ಕಥೆಯನ್ನು ಹೇಳಿದೆವು. ‘ಲಾಯಲ್ಟಿ’ ಮುಂಬಯಿಯಿಂದ ಹೊರಟಿತು ಎಂಬಲ್ಲಿಗೆ ಬಂದು ಎಂದಿನಂತೆ ನಿಲ್ಲಿಸಿದೆವು. “ಆಮೇಲೆ?” ಎಂದಳು. ನಾವು ಅವಳನ್ನು ಹತ್ತಿರ ಕೂಡಿಸಿಕೊಂಡು, ಆಮೇಲಿನದನ್ನೂ ಹೇಳಿದೆವು. ಮುಗಿಯುವಷ್ಟರಲ್ಲಿ ರಾತ್ರಿ ಹತ್ತು ದಾಟಿತ್ತು. ಪಡಸಾಲೆಯಲ್ಲಿ ಮಗನ ಫೋನು ಮೊಳಗಿತು. ಕೊನೆಯ ವಾಹನ ಎಲ್ಲರನ್ನೂ ಇಳಿಸಿತ್ತು. ಅವನು ಕೈ ತೊಳೆದು ಊಟಕ್ಕೆ ಬಂದ.